ಸದ್ದಿಲ್ಲದ ಕೋಣೆ

ಕತೆಗಳಲ್ಲಿ ಅರಮನೆಗೆ ಅರಮನೆಯೇ ನಿದ್ದೆ ಹೋದರೆ ಅದು ರಾಕ್ಷಸನ ಕೈವಾಡವೆಂದು ಎಳೆಯ ಮಕ್ಕಳಿಗೂ ಗೊತ್ತು. ಬಟ್ಟೆ ಹೊಲಿಯುವ ಆ ಕಾರ್ಖಾನೆಯಲ್ಲಿ ಮಾತ್ರ ಅದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದರು.

ಮೂರು ವರ್ಷದ ಮಕ್ಕಳಿಗೂ ಶಾಲೆ ಬೇಕು, ಅವು ಆಡುತ್ತಲೇ ಕಲಿಯಬೇಕು ಎಂದು ಸಾರಿ ಸಾರಿ ನಗೆಪಾಟಲಾಗಿದ್ದ ಟೀಚರಿಗೆ ಕೊನೆಗೂ ಕಾರ್ಖಾನೆಯ ಹಿಂದಿನ ಕೋಣೆ ಸಿಕ್ಕಿತ್ತು. ಹೊಲಿಗೆಯ ಹೆಂಗಸರ ಮಕ್ಕಳು ಹಗಲಿಡೀ ಇರುವುದು ಅಲ್ಲೇ. ಮರಳು, ಮರದ ತುಂಡು, ಪುಟ್ಟ ಡೋಲು ಎಲ್ಲ ಹೊತ್ತು ತಂದಳು. ಆಡುವವರೇ ಇಲ್ಲ! ಬೆಳಗ್ಗೆಯೇ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಬಾಯಿ ತೆರೆದು ಮಲಗಿದ್ದವು. ಡೋಲು ಬಡಿದರೂ ಒಂದು ರೆಪ್ಪೆ ಅಲುಗಲಿಲ್ಲ.

ಹಾಲಿನ ಲೋಟ ಮೂಸಿ ನೋಡಿದಳು. ಕೆಮ್ಮಿನ ಸಿರಪ್ಪು.

"ಒಂದೇ ಚಮಚ ಕಣಮ್ಮ, ನೆಗಡಿಗೆ," ಎಂದಳು ಆಯಾ.

"ಎಲ್ಲಾ ಮಕ್ಳಿಗೂ ದಿನಾ ನೆಗಡಿನಾ?"

"ನನ್ಮೇಲೆ ಯಾಕೆ ಹಾರ್ತೀರಿ? ಮಾಲೀಕರು ತಂದ್ಕೊಡ್ತಾರೆ, ನಾನು ಹಾಕ್ತೀನಿ."

ಟೀಚರ್ ಇದ್ದಬದ್ದ ಬಾಟಲಿಯನ್ನೆಲ್ಲ ಮೋರಿಗೆ ಸುರಿದಳು. ಮರುದಿನ ಕೋಣೆಗೆ ಜೀವ ಬಂತು. ಒಂದು ಅತ್ತಿತು, ಒಂದು ಡೋಲು ಬಡಿಯಿತು, ಇನ್ನೊಂದು ಆಯಾಳ ತಲೆಗೇ ಮರಳಿನ ಅಭಿಷೇಕ ಮಾಡಿತು.

ಕಾರ್ಖಾನೆ ತೋರಿಸಲು ಅತಿಥಿಗಳನ್ನು ಕರೆತಂದಿದ್ದ ಮಾಲೀಕರ ಮುಖ ಹುಳ್ಳಗಾಯಿತು. ಅವರನ್ನು ಮುಂದೆ ಕಳಿಸಿ ಇತ್ತ ತಿರುಗಿದರು. "ಏನ್ ಟೀಚರ್ ಇದು, ಸಂತೇನಾ? ಸೂಜಿ ಬಿದ್ರೂ ಕೇಳ್ತಿತ್ತು ಇಲ್ಲಿ."

"ಸೂಜಿ ಸದ್ದು ಕೇಳ್ತಿತ್ತು. ಮಕ್ಕಳ ಸದ್ದೇ ಕೇಳ್ತಿರ್ಲಿಲ್ಲ."

"ಮಗು ಕೂಗಿದ್ರೆ ತಾಯಿ ಎದ್ದೋಡ್ತಾಳೆ, ಕೆಲಸ ಕೆಡುತ್ತೆ. ಒಂದು ಚಮಚದಿಂದ ಯಾರೂ ಸತ್ತಿಲ್ಲ. ಮಲಗ್ಸಿ, ಇಲ್ಲಾ ಕೋಣೆ ಖಾಲಿ ಮಾಡಿ."

ಎಷ್ಟು ಬಾಗಿಲು ತಟ್ಟಿ ಗಿಟ್ಟಿಸಿದ ಕೋಣೆ! ಬಿಟ್ಟರೆ ಇನ್ನೊಂದು ಸಿಗದು. ಹಾಗೆಂದು ಬಾಯಿ ಮುಚ್ಚಿಕೊಂಡಿರಲೇ? ಟೀಚರ್ ನೇರ ಹೊಲಿಗೆಯ ಹಜಾರಕ್ಕೆ ನುಗ್ಗಿ, ಮೆಷಿನ್ನುಗಳ ಗದ್ದಲವನ್ನೂ ಮೀರಿಸಿ, ಮಕ್ಕಳ ಹಾಲಿಗೆ ಏನು ಬೀಳುತ್ತಿತ್ತೆಂದು ಕೂಗಿ ಹೇಳಿದಳು.

ಒಬ್ಬ ತಾಯಿ ಬಟ್ಟೆ ಕೈಬಿಟ್ಟಳು. "ಸಂಜೆ ಎತ್ಕೊಂಡ್ರೆ ಮಗು ನನ್ ಮುಖಾನೇ ನೋಡ್ತಿರ್ಲಿಲ್ಲ ಅಕ್ಕ. ನನ್ನ ಮರೆತೇಬಿಟ್ಟಿದೆ ಅಂದ್ಕೊಂಡಿದ್ದೆ."

ಓಡಿಹೋಗಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. "ಮಕ್ಳನ್ನ ಬಿಡೋಕೆ ನಿಮ್ಮನೇಲಿ ಜಾಗ ಇದ್ಯಾ?"

"ಪಡಸಾಲೆ ಇದೆ. ಅತ್ತೆನೂ ಇದ್ದಾರೆ."

"ಬೈತಾರಾ?"

"ಬೈತಾರೆ. ನಾನು ಅವರಿಗಿಂತ ಜೋರಾಗಿ ಬೈತೀನಿ. ನಡಿ."

ಇನ್ನಿಬ್ಬರು ಮಕ್ಕಳನ್ನೆತ್ತಿಕೊಳ್ಳಲು ಎದ್ದರು. ಉಳಿದವರು ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದೆ ಟೀಚರ್ ಅವರೊಂದಿಗೆ ಹೊರಬಿದ್ದು ಬಾಗಿಲನ್ನು ಧಡಾರನೆ ಎಳೆದಳು.