ಏಳನೇ ಪ್ರಶ್ನೆ

ಐದು ವಾರದಲ್ಲಿ ಯಶೋದ ನಾಲ್ಕು ಹಟ್ಟಿಗಳ ನಲವತ್ತೊಂದು ಮನೆಗಳ ಹೊಸ್ತಿಲು ತುಳಿದಿದ್ದಳು. ಇಲ್ಲ ಹೋಗು ಅಂದವರು ಒಬ್ಬರೂ ಇಲ್ಲ. ಕೂರಲು ಚಾಪೆ ಹಾಸಿ, ಲೋಟದ ತುಂಬ ಮಜ್ಜಿಗೆ ಕೊಟ್ಟು, "ಕೇಳವ್ವ, ಅದೇನು ಕೇಳ್ತೀಯೋ" ಅಂತ ಎದುರಿಗೆ ಕೂತು, ಅವಳ ಟ್ಯಾಬಿನಲ್ಲಿದ್ದ ಇಪ್ಪತ್ತಮೂರು ಪ್ರಶ್ನೆಗೂ ಉತ್ತರ ಕೊಟ್ಟು ಕಳಿಸಿದ್ದರು.

ಯಶೋದ ಓದುತ್ತಿದ್ದುದು ಸ್ಕಾಟ್ಲೆಂಡಿನಲ್ಲಿ. ಹುಲ್ಲುಗಾವಲು, ದನಕುರಿ, ಅವುಗಳನ್ನು ನಂಬಿಕೊಂಡ ಜನ, ಇದನ್ನೇ ಒಂದು ವರ್ಷ ಕಲಿಸುವ ಎಂ.ಎಸ್ಸಿ. ಕೋರ್ಸು. ಪಾಠ, ಪರೀಕ್ಷೆ ಮೇ ತಿಂಗಳಿಗೆ ಮುಗಿದಿದ್ದವು. ಉಳಿದದ್ದು ಪ್ರಬಂಧ. ಜೊತೆಯವರಲ್ಲಿ ಒಬ್ಬ ಘಾನಾಕ್ಕೆ ಹೋದ, ಒಬ್ಬಳು ನೇಪಾಳಕ್ಕೆ ಹೋದಳು. ಇವಳು ತಿರುಮಣಿಯ ಪಕ್ಕದ ತನ್ನ ತಾತನ ಹಟ್ಟಿಗೇ ಬಂದಳು. ಬಹುಪಾಲು ಹೊಲ ಸೋಲಾರ್ ಕರೆಂಟಿನ ಕಂಪನಿಗೆ ಗುತ್ತಿಗೆ ಹೋಗಿ ಬೇಲಿ ಬಂದಮೇಲೆ ಕುರಿ ಸಾಕುವವರ ಬದುಕು ಹೇಗೆ ಬದಲಾಯಿತು ಅನ್ನುವುದು ಅವಳ ವಿಷಯ. ಅದರ ತಾಯಿಬೇರು ಇದ್ದದ್ದು ಏಳನೇ ಪ್ರಶ್ನೆಯಲ್ಲಿ: ಬೇಲಿಗೆ ಮುಂಚೆ ನಿಮ್ಮ ಕುರಿ ಎಷ್ಟಿದ್ದವು, ಈಗ ಎಷ್ಟಿವೆ?

ಶುಕ್ರವಾರ ವಿಮಾನ. ಸ್ಕಾಲರ್‌ಶಿಪ್ಪಿನವರು ಕೊಟ್ಟದ್ದು ಒಂದೇ ಸಲ ಬಂದುಹೋಗುವ ಟಿಕೆಟ್ಟು. ಆಗಸ್ಟ್ ಕೊನೆಗೆ ಪ್ರಬಂಧ ಒಪ್ಪಿಸದಿದ್ದರೆ ಪದವಿ ಇಲ್ಲ. ಆ ಭಯ ಅವಳಿಗಿರಲಿಲ್ಲ, ಯಾಕೆಂದರೆ ನಲವತ್ತೊಂದು ಮನೆಯ ಲೆಕ್ಕ ಅವಳ ಕೈಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಪಶು ಆಸ್ಪತ್ರೆಯ ಜೀಪು ಹಟ್ಟಿಗೆ ಬಂತು. ಕುರಿಗಳಿಗೆ ಲಸಿಕೆ ಹಾಕುವ ದಿನ. ಡಾಕ್ಟರ್ ಮಲ್ಲಿಕಾರ್ಜುನಯ್ಯ ಪ್ಯಾಂಟು ಮೊಣಕಾಲಿಗೆ ಮಡಿಚಿ ಚಿಕ್ಕಪ್ಪ ಅಂಜಿನಮೂರ್ತಿಯ ರೊಪ್ಪದ ಬಾಗಿಲಲ್ಲಿ ನಿಂತರು. ರೊಪ್ಪವೆಂದರೆ ಮುಳ್ಳುಬೇಲಿ ಕಟ್ಟಿ ಕುರಿ ಕೂಡುವ ಜಾಗ. ಚಿಕ್ಕಪ್ಪ ಒಂದೊಂದೇ ಕುರಿ ಹಿಡಿದು ಕೊಡುವುದು, ಡಾಕ್ಟರು ಚುಚ್ಚುವುದು. ಒಂದು ಸೀಸೆಯಲ್ಲಿ ಐವತ್ತು ಕುರಿಗಾಗುವ ಮದ್ದು. ಒಂದು ಸೀಸೆ ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯದರ ಮುಚ್ಚಳ ತೆಗೆದಾಗ ಯಶೋದಳಿಗೆ ತಡೆಯಲಾಗಲಿಲ್ಲ.

"ಸಾರ್, ಬೇರೆಯವರ ಕುರೀನೂ ಇದರಲ್ಲಿ ಸೇರಿವೆಯಾ? ಚಿಕ್ಕಪ್ಪಂದು ನಲವತ್ತೇ ಅಲ್ವಾ?"

ಡಾಕ್ಟರು ನಕ್ಕ ರಭಸಕ್ಕೆ ಕೈಯಲ್ಲಿದ್ದ ಟಗರು ನುಣುಚಿಕೊಂಡು ಓಡಿತು.

"ಲೇ ಅಂಜಿನಿ, ನಿನ್ನವು ನಲವತ್ತಂತೆ ಕಣ್ಲಾ! ಮತ್ತೆ ನನ್ನ ಎರಡನೇ ಸೀಸೆ ಯಾರಿಗೆ ಚುಚ್ಚಿದೆ, ನಿಮ್ಮ ಮಾವನಿಗಾ?"

"ಸುಮ್ಕಿರಿ ಸಾ, ಮಗೀನ ಮುಂದೆ" ಅಂತ ಚಿಕ್ಕಪ್ಪ ತಲೆ ತಗ್ಗಿಸಿದ. ಅವನ ಕಿವಿ ಕೆಂಪಾಗಿತ್ತು.

ಡಾಕ್ಟರು ಯಶೋದಳ ಕಡೆ ತಿರುಗಿದರು. "ನೀನು ಹಟ್ಟಿ ಹುಡುಗೀನೇ ಅಲ್ವೇನಮ್ಮಾ? ಗೊತ್ತಿಲ್ವ? ಇವರು ಕುರಿ ಎಣಿಸೋಲ್ಲ, ಎಣಿಸಿ ಹೇಳೋರೂ ಇಲ್ಲ. ನಾನು ಬಂದು ಹದಿನಾಲ್ಕು ವರ್ಷ ಆಯ್ತು. ನಾನು ಎಣಿಸೋದು ಸೀಸೇನ, ಕುರೀನಲ್ಲ. ಅದಕ್ಕೇ ನನ್ನನ್ನ ಒಳಗೆ ಬಿಡ್ತಾರೆ."

ಯಶೋದಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳ ಅಪ್ಪ ಮಧುಗಿರಿಯ ಕಚೇರಿಯೊಂದರಲ್ಲಿ ಅಟೆಂಡರು. ಅವಳು ಬೆಳೆದದ್ದು ಅಲ್ಲೇ, ಬೆಟ್ಟದ ಬುಡದ ಬಾಡಿಗೆ ಮನೆಯಲ್ಲಿ. ಹಟ್ಟಿಗೆ ಬರುತ್ತಿದ್ದುದು ದಸರಾ ರಜೆಗೆ, ಬೇಸಿಗೆ ರಜೆಗೆ. ಮರಿಗಳನ್ನು ಎತ್ತಿಕೊಂಡು ಆಡಿದ್ದಳು. ಎಷ್ಟು ಅಂತ ಕೇಳುವ ಸಂದರ್ಭ ಬಂದಿರಲಿಲ್ಲ. ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ ಮಾತ್ರ 'ನಾನು ಆ ಸಮುದಾಯದವಳೇ, ಅವರ ಒಳಗುಟ್ಟು ನನಗೆ ಗೊತ್ತು' ಎಂದು ಬರೆದಿದ್ದಳು. ಈಗ ಆ ಸಾಲು ನೆನಪಾಗಿ ಮುಖ ಬಿಸಿಯಾಯಿತು.

ಟ್ಯಾಬು ತೆಗೆದು ಏಳನೇ ಪ್ರಶ್ನೆಯ ಉತ್ತರಗಳನ್ನು ಮೇಲಿಂದ ಕೆಳಗೆ ನೋಡಿದಳು. ನಲವತ್ತು. ಇಪ್ಪತ್ತು. ನಲವತ್ತು. ಅರವತ್ತು. ಇಪ್ಪತ್ತು. ಬೇಲಿಗೆ ಮುಂಚೆಯೂ ಅಷ್ಟೇ, ಆಮೇಲೂ ಅಷ್ಟೇ. ಕಣ್ಣೆದುರಿಗೇ ಇತ್ತು. ಇಷ್ಟು ದಿನ ಅವಳು ನೋಡಿರಲಿಲ್ಲ.

ಅಜ್ಜಿ ಹೊನ್ನಕ್ಕ ಬಾಗಿಲಲ್ಲಿ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಯಶೋದ ಎದುರಿಗೆ ಕುಕ್ಕರಿಸಿದಳು.

"ಅಜ್ಜಿ, ಎಲ್ಲಾರೂ ಸೇರ್ಕೊಂಡು ನನಗೆ ಸುಳ್ಳು ಹೇಳಿದ್ರಾ?"

"ಸುಳ್ಳೆಂಗಾಯ್ತದೆ ಮಗಾ? ಅಷ್ಟು ದೂರದಿಂದ ಬಂದಿದ್ದೀಯ, ಮನೆ ಮನೆ ಅಲೀತಿದ್ದೀಯ, ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ. ಕಾಗ್ದ ತುಂಬ್ಬೇಕು ಅಂದೆ, ಏನೋ ಒಂದು ಹೇಳಿ ತುಂಬಿಸ್ಬುಟ್ವಿ."

"ಅದು ನನ್ನ ಪರೀಕ್ಷೆ ಅಜ್ಜಿ!"

"ಪರೀಕ್ಷೆ ಅಂತ ಮದ್ಲೇ ಹೇಳಿದ್ರೆ ಇನ್ನೂ ಜಾಸ್ತಿ ಹೇಳ್ತಿದ್ವಲ್ಲವ್ವ" ಅಂದಳು ಹೊನ್ನಕ್ಕ, ಪೂರಾ ಮನಸ್ಸಿನಿಂದ. ಅಳಬೇಕೆಂದು ಕೂತ ಯಶೋದಳಿಗೆ ನಗು ಬಂತು. ನಕ್ಕ ಮೇಲೆ ಕಣ್ಣೀರೂ ಬಂತು.

ಮಧ್ಯಾಹ್ನ ಊಟಕ್ಕೆ ಕೂತಾಗ ಚಿಕ್ಕಪ್ಪ ಮೆಲ್ಲಗೆ ಒಂದು ದಾರಿ ತೋರಿಸಿದ. "ಡಾಕ್ಟರ್ ಹತ್ರ ರಿಜಿಸ್ಟರ್ ಅದೆ ಕಣಮ್ಮ. ನಾಕು ಹಟ್ಟೀದೂ ಅದೆ. ಕೇಳಿದ್ರೆ ಕೊಡ್ತಾರೆ. ಸೀಸೆ ಲೆಕ್ಕ ನೋಡ್ಕೊಂಡು ಬರ್ಕೊಂಡ್ಬುಡು. ಯಾರ ಬಾಯಿಂದಾನೂ ಬಂದಂಗೆ ಆಗಲ್ಲ, ನಿನ್ನ ಕೆಲ್ಸಾನೂ ನಿಲ್ಲಲ್ಲ."

ದಾರಿ ಸುಲಭವಾಗಿತ್ತು. ಮುದ್ದೆ ಮುರಿಯುತ್ತ ಅವಳು ಅದನ್ನೇ ಯೋಚಿಸಿದಳು. ಒಂದು ಫೋನು ಮಾಡಿದರೆ ನಾಳೆಗೆ ನಿಜವಾದ ಅಂಕಿ ಸಿಗುತ್ತದೆ. ಆದರೆ ಪ್ರತಿ ಮನೆಯಲ್ಲೂ ಪ್ರಶ್ನೆಗೆ ಮುಂಚೆ ಅವಳು ಒಂದು ಹಾಳೆ ಓದಿ ಹೇಳಿದ್ದಳು, ಹೆಬ್ಬೆಟ್ಟು ಹಾಕಿಸಿಕೊಂಡಿದ್ದಳು: ನಿಮಗೆ ಇಷ್ಟವಿಲ್ಲದ್ದನ್ನು ನೀವು ಹೇಳಬೇಕಾಗಿಲ್ಲ. ಯುನಿವರ್ಸಿಟಿಯ ಹಾಳೆ ಅದು. ಓದಿದವಳು ತಾನೇ. ಇವರು ಹೇಳಲಿಲ್ಲ. ಆ ನಲವತ್ತು, ಆ ಇಪ್ಪತ್ತು ಎಲ್ಲವೂ ನಲವತ್ತೊಂದು ಮನೆಯವರು ಅವಳ ಮುಖ ನೋಡಿಕೊಂಡು ಮರ್ಯಾದೆಯಿಂದ ಅಂದ 'ಬೇಡ'ಗಳು. ಬೇಡ ಅಂದವರ ಬೆನ್ನ ಹಿಂದೆ ಹೋಗಿ ತರುವುದು ಹೇಗೆ? ತರದೆ ಪ್ರಬಂಧ ಬರೆಯುವುದಾದರೂ ಹೇಗೆ? ಉಳಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆದಳು.

ಇಳಿಹೊತ್ತಿಗೆ ತಾತ ಯತ್ತಪ್ಪನ ಕುರಿ ಮನೆಗೆ ಬಂದವು. ತಾತ ರೊಪ್ಪದ ಬಾಗಿಲ ಗೂಟ ತೆಗೆದು, ಹಟ್ಟಿಯ ಗುಡಿಯ ಕಡೆ ಕೈ ಮುಗಿದು, ಪಕ್ಕಕ್ಕೆ ನಿಂತ. ಯಶೋದ ಹೋಗಿ ಅವನ ಪಕ್ಕ ನಿಂತಳು.

"ತಾತ, ಎಣಿಸಿದ್ರೆ ಏನಾಗುತ್ತೆ?"

ತಾತ ಕುರಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. "ಏನಾಯ್ತದೋ ಕಂಡೋರ್ಯಾರು? ನಮ್ಮಪ್ಪ ಎಣಿಸ್ಲಿಲ್ಲ, ನಾನೂ ಎಣಿಸ್ಲಿಲ್ಲ. ಕೊಟ್ಟೋನು ಅಲ್ಲಿ ಕೂತವ್ನೆ. ಅವನ ಎದ್ರಿಗೆ ನಿಂತ್ಕಂಡು ಒಂದು ಎರಡು ಅಂತ ಎಣಿಸಿದ್ರೆ, ನಿನ್ನ ಮೇಲೆ ನಂಗೆ ನಂಬ್ಕೆ ಇಲ್ಲಪ್ಪ ಅಂದಂಗೆ ಅಲ್ವೇನವ್ವ?"

"ಮತ್ತೆ ಒಂದು ಕಳೆದುಹೋದ್ರೆ ಹೆಂಗೆ ಗೊತ್ತಾಗುತ್ತೆ?"

"ನಿಮ್ಮವ್ವ ಮನೇಲಿಲ್ದಿದ್ರೆ ಎಣಿಸಿ ನೋಡಿ ತಿಳ್ಕೊಂಡಿದ್ಯೇನು?" ಅಂದ ತಾತ. ಆಮೇಲೆ ಸಂಜೆಯ ಸ್ತೋತ್ರ ಹೇಳುವವನ ಹಾಗೆ ತನ್ನಷ್ಟಕ್ಕೇ ಶುರುಮಾಡಿದ. "ಕೆಂಚಿ ಬಂದ್ಲು. ಅವಳ ಮಗ್ಳು ಬಂದ್ಲು. ಮೋಟ್ಕಿವಿ, ಬಾರವ್ವ, ತಳ್ಬೇಡ. ಕುಂಟ ಬಂದ. ಹಂಡಿ, ಹಂಡಿ ತಂಗಿ…" ಕೊನೆಯ ಕುರಿ ಒಳಗೆ ಹೋದ ಮೇಲೂ ಗೂಟ ಹಾಕದೆ ನಿಂತ. "ಚುಕ್ಕಿ ಬಂದಿಲ್ಲ. ಅವಳ ಮರೀನೂ ಇಲ್ಲ."

ಹೊತ್ತು ಮುಳುಗುವ ಮುಂಚೆ ಇಬ್ಬರೂ ಹುಡುಕಿಕೊಂಡು ಹೊರಟರು. ಸೋಲಾರಿನ ತಂತಿಬೇಲಿ ಬಲಕ್ಕೆ ಉದ್ದಕ್ಕೂ ಬರುತ್ತಿತ್ತು. ಒಳಗೆ ಗಾಜಿನ ಹಲಗೆಗಳು ಸೂರ್ಯನ ಕಡೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ತಾತ ನಡೆಯುತ್ತಲೇ ಮಾತಾಡಿದ. ಅವಳು ಕೇಳಿರಲಿಲ್ಲ. ದಾರಿಯೇ ಮಾತಾಡಿಸಿತು.

"ಇಲ್ಲೊಂದು ಕಟ್ಟೆ ಇತ್ತು. ಬೇಲಿ ಬಂದ ವರ್ಷ ನೀರಿಗೆ ಸುತ್ತಾಕ್ಕೊಂಡು ಹೋಗ್ಬೇಕಾಯ್ತು. ನಮ್ಮ ಗುಜ್ಜಿ ಕುರಿಗೆ ಕಾಲಲ್ಲಿ ಶಕ್ತಿ ಇರ್ಲಿಲ್ಲ, ಬಸ್ರಿ ಬೇರೆ. ಆ ಬೇವಿನ ಮರದ ಹತ್ರ ಕೂತೋಳು ಏಳ್ಲೇ ಇಲ್ಲ. ಅವಳ ವಂಶ ಅಲ್ಲಿಗೆ ನಿಂತೋಯ್ತು. ಹದಿಮೂರು ತಲೆ ನಮ್ಮನೇಲಿದ್ದ ವಂಶ. ಅದರ ಮರುವರ್ಷ ಕರಿಯಾಲೀನ ಕೊಟ್ಬುಟ್ಟೆ, ಹೊಸಕೋಟೆ ಸಂತೇಲಿ. ಎಲ್ಲಿಗೆ ಮೇಯಾಕೆ ಹೊಡ್ಕೊಂಡೋಗ್ಲಿ ಅವ್ಳನ್ನ? ತಿರುಗಿ ತಿರುಗಿ ನೋಡಿದ್ಲು ಕಣವ್ವ. ಅವಳ ಅಕ್ಕ ಮಾತ್ರ ಬೇಲಿ ಬುಡ್ದಲ್ಲಿ ನುಸುಳಿ ಒಳಗಿನ ಹುಲ್ಲು ಮೇಯೋದು ಕಲ್ತ್ಕೊಂಡ್ಲು. ಚೆನ್ನಾಗಿ ಮೇದ್ಲು, ಎರಡು ಮರಿ ಹಾಕಿದ್ಲು. ಅದೂ ಹೇಳ್ಬೇಕು, ಇಲ್ದಿದ್ರೆ ತೆಪ್ಪು."

ಯಶೋದ ಅಲ್ಲೇ ನಿಂತುಬಿಟ್ಟಳು.

"ತಾತ, ಇದನ್ನೆಲ್ಲ ಹೇಳಬಹುದಾ? ಇದಕ್ಕೆ ದೋಷ ಇಲ್ವಾ?"

"ಹೋದೋರ್ನ ನೆನೆಸ್ಕೊಂಡ್ರೆ ಯಾವ ದೋಷ? ನೆನೆಸ್ಕೊಳ್ದಿದ್ರೇನೇ ದೋಷ."

ಚುಕ್ಕಿ ಬೇಲಿಯ ಮೂಲೆಯಲ್ಲಿ ಸಿಕ್ಕಳು. ಮರಿಯ ಕಾಲು ತಂತಿಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ತಾಯಿ ಅದನ್ನು ಬಿಟ್ಟು ಕದಲಿರಲಿಲ್ಲ. ತಾತ ತಂತಿ ಅಗಲಿಸಿ ಹಿಡಿದ. ಯಶೋದ ಮರಿಯನ್ನು ಬಿಡಿಸಿ ಎದೆಗೆ ಒತ್ತಿಕೊಂಡು ಹಟ್ಟಿಯವರೆಗೂ ಹೊತ್ತು ತಂದಳು.

ಅವತ್ತೇ ದೀಪ ಹಚ್ಚುವ ಹೊತ್ತಿಗೆ ತನ್ನ ಗೈಡು ಮೇರಿಯನ್ ಮೇಡಂಗೆ ಮೇಲ್ ಬರೆದಳು. ಏಳನೇ ಪ್ರಶ್ನೆಯ ಅಂಕಿಗಳೆಲ್ಲ ಸುಳ್ಳು. ಯಾಕೆ ಸುಳ್ಳು ಅನ್ನುವುದು ನನಗೆ ಮೊದಲೇ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ನಿಜವಾದ ಅಂಕಿ ಒಂದು ರಿಜಿಸ್ಟರಿನಲ್ಲಿದೆ, ಅದನ್ನು ನಾನು ತೆಗೆದುಕೊಳ್ಳುವುದಿಲ್ಲ. ಆ ಕಾಲಂ ಅಳಿಸುತ್ತೇನೆ. ಅದರ ಬದಲು ಬೇಲಿ ಬಂದಮೇಲೆ ಯಾರು ಯಾರು ಹೋದರು, ಹೇಗೆ ಹೋದರು, ಯಾರು ಉಳಿದು ಹೊಂದಿಕೊಂಡರು ಅಂತ ಕೇಳುತ್ತೇನೆ. ನನಗಿರುವುದು ಮೂರು ದಿನ.

ಬೆಳಿಗ್ಗೆ ಏಳುವಾಗ ಉತ್ತರ ಬಂದಿತ್ತು. 'ಅಂಕಿ ಇಲ್ಲದ ಪ್ರಬಂಧಕ್ಕೆ ಪರೀಕ್ಷಕರು ಏನು ಅನ್ನುತ್ತಾರೋ ನಾನು ಹೇಳಲಾರೆ. ಪಾಸಾಗುತ್ತೆ ಅಂತ ಮಾತು ಕೊಡಲಾರೆ. ಗೊತ್ತಿದ್ದೂ ಸುಳ್ಳು ಅಂಕಿ ಹಾಕಿದ ಪ್ರಬಂಧವನ್ನಂತೂ ನಾನು ಮುಂದಕ್ಕೆ ಕಳಿಸುವುದಿಲ್ಲ. ಎಷ್ಟು ಮನೆಯಾಗುತ್ತೋ ಅಷ್ಟು ಮನೆಗೆ ಹೋಗು.'

ಯಶೋದ ಎರಡು ಸಲ ಓದಿದಳು. ಭಯವೇನೋ ಇತ್ತು. ಆದರೂ ಉಸಿರಾಟ ಹಗುರಾಗಿತ್ತು. ಸ್ನಾನ ಮಾಡಿ, ಗುಡಿಯ ಮುಂದೆ ಒಂದು ಗಳಿಗೆ ನಿಂತು, ಪಕ್ಕದ ಹಟ್ಟಿಗೆ ಹೊರಟಳು. ಮೊದಲು ಸಿಕ್ಕಿದ್ದು ಪುಷ್ಪಾವತಿಯ ಮನೆ. ಗಂಡ ಸತ್ತ ಮೇಲೆ ಕುರಿಯನ್ನು ಒಬ್ಬಳೇ ಮೇಯಿಸಿದ ಹೆಂಗಸು. ಹೋದ ಸಲ ಎಲ್ಲ ಪ್ರಶ್ನೆಗೂ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟು ಎದ್ದಿದ್ದಳು.

"ಏಮೇ ಯಶೋದಾ, ಮತ್ತೆ ಬಂದ್ಯಾ? ಇನ್ನೂ ಎಷ್ಟು ಪ್ರಶ್ನೆ ಅವೆ ನಿಮ್ಮ ದೇಶ್ದೋರ್ದು?"

"ಒಂದೇ ಅಕ್ಕ. ಬೇಲಿ ಬಂದಮೇಲೆ ನಿಮ್ಮ ರೊಪ್ಪಕ್ಕೆ ಯಾರು ವಾಪಸ್ ಬರ್ಲಿಲ್ಲ?"

ಪುಷ್ಪಾವತಿ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಜಗಲಿಯ ಮೇಲೆ ಕೂತಳು.

"ನೆಳ್ಳಿಗೆ ಬಾ, ಬಿಸ್ಲು" ಅಂದಳು. "ಗಂಗಮ್ಮ ಅಂತ ಒಬ್ಳಿದ್ಲು. ಅವಳಿಂದ್ಲೇ ಸುರು ಮಾಡ್ತೀನಿ. ಮುಂದಿನ ಮನೆಗೆ ಹೊತ್ತಾದ್ರೆ ನನ್ನ ಬೈಬ್ಯಾಡ."