ಮುಂದಿನ ಎಡ ಚಕ್ರ

ಗಂಡನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಬೆಳಿಗ್ಗೆ ಶಾಮಿಯಾನದವರು ಕಂಬ ಕಿತ್ತು ಒಯ್ದರು. ಅಂಗಳದಲ್ಲಿ ಗುಂಡಿಗಳು ಉಳಿದವು. ಹಾಲಿನವನು ಎಂದಿನಂತೆ ಗೇಟಿಗೆ ಪ್ಯಾಕೆಟ್ ಸಿಕ್ಕಿಸಿ ಹೋಗಿದ್ದ. ಅತ್ತೆಗೆ ಚಹಾ ಕೊಟ್ಟೆ, ಬಟ್ಟೆ ನೆನೆಸಿದೆ. ಆಮೇಲೆ ಮಾಡಲು ಏನೂ ಇಲ್ಲದೆ ಶೆಡ್ಡಿನ ಬಾಗಿಲು ತೆಗೆದೆ.

ಕಾರು ಇತ್ತು. ಎರಡೇ ಸೀಟಿನ, ತಲೆಯ ಮೇಲೆ ಮುಚ್ಚಿಗೆಯಿಲ್ಲದ, ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಮುಂಬೈಯಲ್ಲಿ ಹೋಟೆಲ್ ನಡೆಸಿ ಬಸ್ರೂರಿಗೆ ಮರಳಿದವರ ಮನೆಯಿಂದ ಯತೀಶ್ ಅದನ್ನು ತಂದದ್ದು ನಮ್ಮ ಮದುವೆಯಾದ ವರ್ಷ. ಮೂರು ಚಕ್ರಗಳು ಕಾರಿನ ಜೊತೆಗೇ ಬಂದ ಬೂದು ಬಣ್ಣದ ಸಾದಾ ಉಕ್ಕಿನವು. ಮುಂದಿನ ಎಡಗಡೆಯದು ಮಾತ್ರ ಜಾಲರಿಯದು. ಒಂದರ ಮೇಲೊಂದು ಹೆಣೆದಂಥ ತೆಳು ಕಡ್ಡಿಗಳು, ಹೊಳೆಯುವ ಅಂಚು. ಎಂಬತ್ತರ ದಶಕದ್ದಂತೆ. ಅದು ನಮ್ಮದಲ್ಲ. ಕೊಕ್ಕರ್ಣೆಯ ರೋಹನನ ಬಳಿ ಅಂಥ ನಾಲ್ಕರ ಸೆಟ್ ಇತ್ತು. ಹಳೆ ಕಾರಿನ ಹುಚ್ಚಿನವರಲ್ಲಿ, ಸೆಟ್ ಕೊಳ್ಳುವ ಮೊದಲು ಒಂದು ಚಕ್ರವನ್ನು ಕಡ ತಂದು ಹಾಕಿ ನೋಡುವ ರೂಢಿಯಿದೆ.

ಮೂರು ವರ್ಷ ಯತೀಶ್ ಚಕ್ರ ಆರಿಸಿದ. ಊಟಕ್ಕೆ ಕೂತರೂ ಫೋನಿನಲ್ಲಿ ಚಕ್ರಗಳೇ. ಫ್ಲೆಕ್ಸ್ ಅಂಗಡಿಯಲ್ಲಿ ಅವುಗಳ ಚಿತ್ರವನ್ನು ನಿಜದ ಅಳತೆಗೆ ಮುದ್ರಿಸಿ, ದುಂಡಗೆ ಕತ್ತರಿಸಿ, ಉಕ್ಕಿನ ಚಕ್ರಗಳ ಮೇಲೆ ಅಂಟಿಸುತ್ತಿದ್ದ. ನನ್ನನ್ನು ಜಗಲಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದ.

"ಯಾವ್ದ್ ಲಾಯ್ಕ್?"

"ಮೊದ್ಲಿಂದೇ."

"ನಿಂಗ್ ಕಣ್ಣಿಲ್ಲೆ ಮರಾಯ್ತಿ."

ಕಣ್ಣಿರಲಿಲ್ಲವೇನೋ, ಗಣಿತ ಇತ್ತು. ನಾನು ಎಂ.ಎಸ್ಸಿ. ಮಾಡಿದ್ದು ಅದರಲ್ಲೇ. ಜಾಲರಿ ಚಕ್ರದ ಅಳತೆಗಳನ್ನು ಕೇಳಿ ಲೆಕ್ಕ ಹಾಕಿಕೊಟ್ಟೆ. ಇದು ಒಂದು ಇಂಚಿನಷ್ಟು ಹೊರಗೆ ಚಾಚುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಯರು ಮಡ್‌ಗಾರ್ಡಿಗೆ ಉಜ್ಜುತ್ತದೆ ಎಂದೆ.

"ಕೂರ್ಸಿ ಕಾಂಬ," ಎಂದ. "ಚಕ್ರ ಕೂತ್ ಮೇಲೆ ಫಸ್ಟ್ ರೌಂಡ್ ನಿಂಗೇ. ಮರವಂತೆವರಿಗೆ."

ಅಲ್ಲಿಯವರೆಗೆ ಕಾರು ಗೇಟು ದಾಟುವಂತಿರಲಿಲ್ಲ. ಸಾದಾ ಚಕ್ರದಲ್ಲಿ ರಸ್ತೆಗಿಳಿದರೆ ಅವನ ಮರ್ಯಾದೆ ಹೋಗುತ್ತಿತ್ತು. ಭಾನುವಾರ ಎಂಜಿನ್ ಶುರುಮಾಡಿ, ಸ್ವಲ್ಪ ಹೊತ್ತು ಕೇಳಿ, ಬಂದ್ ಮಾಡುತ್ತಿದ್ದ.

ಜಾಲರಿ ಚಕ್ರದ ನಡುವಿನ ತೂತು ದೊಡ್ಡದಿತ್ತು. ಸಂದು ತುಂಬಲು ಅಲ್ಯೂಮಿನಿಯಂ ರಿಂಗ್ ಒಂದನ್ನು ಮಾಡಿಸಲು ಬೈಕಿನಲ್ಲಿ ಬ್ರಹ್ಮಾವರದ ಲೇತಿಗೆ ಹೋದ. ವಾಪಸು ಬರುವಾಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ. ಪೊಲೀಸರು ಫೋನು, ಪರ್ಸಿನ ಜೊತೆ ರಿಂಗನ್ನೂ ಕೊಟ್ಟರು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಬಿಸಿಲೇರುವಾಗ ಬೈಂದೂರಿನಿಂದ ಪ್ರಖ್ಯಾತ್ ಬಂದ. ಯತೀಶನ ತಮ್ಮ. ಅಲ್ಲಿ ಹೆದ್ದಾರಿ ಬದಿಯಲ್ಲಿ ಅವನ ಹೋಟೆಲಿದೆ. ನನ್ನ ಕೈಯಿಂದ ರಿಂಗ್ ಇಸಿದುಕೊಂಡು, ಚಕ್ರ ಬಿಚ್ಚಿ, ರಿಂಗ್ ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಕಾರನ್ನು ಜಾಕಿನಿಂದ ಇಳಿಸಿದ.

"ಕಾಣಿ ಅತ್ತಿಗೆ, ಉಗುರ್ ಹಾಕುಕೂ ಜಾಗ ಇಲ್ಲೆ. ಅಣ್ಣಯ್ಯನ ಕಡೇ ಆಸೆ. ನಾಳೆ ರೋಹನನ ಹತ್ರ ಉಳ್ದ್ ಮೂರೂ ತಕಂಡ್ ಬತ್ತೆ."

ಜಗಲಿಯಲ್ಲಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾಡ್ ಮಗಾ. ಅವ್ನ್ ಆತ್ಮಕ್ ಅಷ್ಟಾರೂ ಸಿಗ್ಲಿ."

ನಾನು ಕಾರಿನಲ್ಲಿ ಕೂತು ಸ್ಟೇರಿಂಗನ್ನು ಎರಡೂ ಕೈಯಿಂದ ಎಳೆದು ಕೊನೆಯವರೆಗೆ ತಿರುಗಿಸಿದೆ. ಟಯರು ಮಡ್‌ಗಾರ್ಡಿನ ಅಂಚಿಗೆ ಕಚ್ಚಿ ಕರ್ರೆಂದಿತು.

"ಉಜ್ಜುತ್ತ್," ಎಂದೆ.

"ಉಜ್ಲಿ ಬಿಡಿ. ನಿಂತ್ ಗಾಡಿಗ್ ಸ್ಟೇರಿಂಗ್ ಎಂತಕ್ಕೆ?"

"ನಿಂತ್ ಗಾಡಿಯಾ?"

"ಹೋಟ್ಲಿನ್ ಎದ್ರ್ ಗ್ಲಾಸಿನ್ ಶೆಡ್ ಮಾಡ್ಸ್ತೆ. ಒಳ್ಗ್ ಕಾರ್, ಬದಿಯಂಗ್ ಅಣ್ಣಯ್ಯನ್ ಫೋಟೋ, ಲೈಟ್. ಶಿರೂರ್ ಬದಿಯಿಂದ ಬಪ್ಪರೆಲ್ಲ ಗಾಡಿ ನಿಲ್ಸಿ ಸೆಲ್ಫಿ ತೆಗಿಕ್." ನಕ್ಕ. "ಪ್ಲಾನ್ ಅಣ್ಣಯ್ಯಂದೇ, ಫೋಟೋ ಒಂದ್ ಬಿಟ್ಟ್. ದೀಪಾವಳಿಗೇ ಮಾತಾಯಿತ್ತ್."

"ಉಜ್ಜುದ್ ಅವ್ರಿಗ್ ಗೊತ್ತಿತ್ತಾ?"

"ನಿಮ್ಮ್ ಲೆಕ್ಕ ಅವ್ನೇ ತೋರ್ಸಿದ್ದ. 'ಅವ್ಳ್ ಹೇಳುದ್ ಸಮವೇ, ಆರೆ ಓಡ್ಸುವರ್ ಯಾರ್?' ಅಂದ. ನಿಮ್ಗ್ ಹೇಳ್ಲಿಲ್ಯಾ?"

ನಾನು ಕೂತಲ್ಲೇ ಕೂತೆ. ಈ ದಿನಗಳಲ್ಲೆಲ್ಲ ಏನೂ ಅನ್ನಿಸಿರಲಿಲ್ಲ. ಬಂದವರು ತಬ್ಬಿಕೊಂಡು ಅತ್ತಾಗ ಅವರ ಬೆನ್ನು ಸವರಿದ್ದೆ. ಈಗ ಸಿಟ್ಟು ಬಂತು. ಸತ್ತವನ ಮೇಲಿನ ಸಿಟ್ಟನ್ನು ಒಯ್ದು ಎಲ್ಲಿ ಇಡುವುದು?

"ಕಾರ್ ಕೊಡುದಿಲ್ಲೆ," ಎಂದೆ.

"ಇಟ್ಕಂಡ್ ಎಂತ ಮಾಡ್ತ್ರಿ? ಇದ್ರಂಗ್ ಪೇಟೆಯಿಂದ ಮೀನ್ ತಪ್ಪುಕ್ ಹೋತ್ರ್ಯಾ?"

"ಹೋತೆ, ಬೇಕಾರೆ."

"ಎಂತ ಮಾತ್ ಮರಾಯ್ತಿ!" ಅತ್ತೆ ಎದ್ದು ನಿಂತರು. "ನಿನ್ನೆ ಬೊಜ್ಜ ಆಯ್ತ್. ವರ್ಷ ಆಪಲ್ಲಿವರಿಗೆ ನೀನ್ ಗೇಟ್ ದಾಟುಕಾಗ."

"ಕಾರೂ ದಾಟುಕಾಗ, ನಾನೂ ದಾಟುಕಾಗ. ಇಬ್ರಿಗೂ ಗ್ಲಾಸಿನ್ ಶೆಡ್ ಮಾಡ್ಸಿ."

ಅತ್ತೆ ಒಳಗೆ ಹೋದರು. "ನಿಮ್ಗ್ ಈಗ ತಲೆ ಸಮ ಇಲ್ಲೆ. ನಾಳೆ ಚಕ್ರ ತಂದ್ ಮೇಲೆ ಮಾತಾಡ್ವ," ಎಂದು ಪ್ರಖ್ಯಾತ್ ಹೊರಟುಹೋದ.

ಜಾಕ್ ಕೊಡುವ ಮೊದಲೇ ನಟ್ಟು ಸಡಿಲಿಸಬೇಕು. ಕೈಗೆ ಜಗ್ಗಲಿಲ್ಲ. ಪಾನಾದ ಮೇಲೆ ಹತ್ತಿ ನಿಂತೆ. ಒಂದೊಂದಾಗಿ ಬಿಟ್ಟವು. ಜಾಲರಿ ಚಕ್ರವನ್ನು ಕಳಚಿ, ಗೋಡೆಗೆ ಒರಗಿಸಿಟ್ಟಿದ್ದ ಉಕ್ಕಿನದನ್ನು ಹಾಕಿದೆ. ಅದಕ್ಕೆ ರಿಂಗ್ ಬೇಕಿರಲಿಲ್ಲ. ರಿಂಗನ್ನು ಗೋಡೆಯ ಮೊಳೆಗೆ ಸಿಕ್ಕಿಸಿದೆ. ಸ್ಟೇರಿಂಗ್ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದೆ. ಸದ್ದಿಲ್ಲ.

ಎಂಜಿನ್ ಕೆಲವು ಸಲ ಕೆಮ್ಮಿ ಹಿಡಿಯಿತು. ಅತ್ತೆ ಓಡಿ ಬಂದರು.

"ಎಲ್ಲಿಗ್?"

"ರೋಹನನ್ ಚಕ್ರ ಕೊಟ್ಟ್ ಬತ್ತೆ. ಸತ್ತವ್ರ್ ತಂದ್ ಕಡ ಮನೆಯಂಗ್ ಇಪ್ಪುಕಾಗ ಅಂತ ನೀವೇ ಹೇಳ್ತ್ರಿ ಅಲ್ದಾ?"

ಗೇಟನ್ನು ನಾನೇ ತೆಗೆದೆ.

ಚಕ್ರವನ್ನು ಪಕ್ಕದ ಸೀಟಿನಲ್ಲಿ ಗೋಣಿ ಹಾಸಿ ಕೂರಿಸಿದ್ದೆ. ಹೆದ್ದಾರಿಯಲ್ಲಿ ಗಾಳಿ ಕಣ್ಣಿಗೆ ಹೊಡೆಯಿತು. ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡಿದರು. ಅವನು ಬಿದ್ದ ಜಾಗ ಎಲ್ಲರೂ ಹೇಳಿ ಹೇಳಿ ನನಗೆ ಗೊತ್ತಿತ್ತು. ಅಲ್ಲಿ ನಿಧಾನ ಮಾಡಲಿಲ್ಲ. ಬ್ರಹ್ಮಾವರದಲ್ಲಿ ಎಡಕ್ಕೆ ಹೊರಳಿಸಿದೆ.

ಕೊಕ್ಕರ್ಣೆಯಲ್ಲಿ ರೋಹನ್ ಮನೆಯೆದುರು ಟಿಲ್ಲರ್ ತೊಳೆಯುತ್ತಿದ್ದ. ಮೊದಲು ಕಾರಿನ ಚಕ್ರ ನೋಡಿದ, ಆಮೇಲೆ ನನ್ನನ್ನು.

"ಅಯ್ಯೋ, ಈ ಸಾದಾ ಚಕ್ರದಂಗೇ ಬಂದ್ರ್ಯಾ ಅಕ್ಕ?" ಎಂದವನು ನಾಲಿಗೆ ಕಚ್ಚಿಕೊಂಡ. "ಒಳ್ಗ್ ಬನ್ನಿ. ಯತೀಶಣ್ಣನ ವಿಷ್ಯ..."

"ಇಲ್ಲೆ, ಹೋಯ್ಕ್. ನಿಮ್ಮ್ ಚಕ್ರ ತಂದಿದ್ದೆ."

"ಪ್ರಖ್ಯಾತ್ ಫೋನ್ ಮಾಡಿದ್ದ ಈಗಷ್ಟೆ. ನಾಳೆ ಉಳ್ದ್ ಮೂರೂ ಕೊಂಡೋತೆ ಅಂದ."

"ಬೇಕಾರೆ ಕೊಡಿ. ಹಾಕುಕ್ ಅವ್ನತ್ರ ಕಾರ್ ಇಲ್ಲೆ."

"ಇದ್?"

"ಇದ್ ನಾನ್ ಓಡ್ಸು ಕಾರ್."

ರೋಹನ್ ನೀರಿನ ಪೈಪು ಬಂದ್ ಮಾಡಿದ. "ಒಂದಾರೂ ಇಟ್ಕಣಿ ಅಕ್ಕ, ನೆನಪಿಗೆ," ಎಂದ.

"ಬೇಡ."

ಅವನು ಒದ್ದೆ ಕೈಗಳನ್ನು ಲುಂಗಿಗೆ ಒರೆಸಿಕೊಂಡು ಎರಡನ್ನೂ ಚಾಚಿದ. ನಾನು ಗೋಣಿಯಿಂದ ಚಕ್ರ ಎತ್ತಿ ಕೊಟ್ಟೆ.