ಹಗ್ಗ ಹಿಡಿಯಲು ಮೂವರು

"ಕೈ ತೆಗೀರಿ ಶ್ರೀಧರಣ್ಣ! ಕೊಳವೆ ಜಾರಿದ್ರೆ ಬೆರಳು ಕತ್ತರಿಸಿ ಬೀಳುತ್ತೆ!"

ಏಣಿಯ ಮೇಲಿಂದ ಶಿವು ಕೂಗಿದ ರಭಸಕ್ಕೆ ಪಕ್ಕದ ಮನೆಯ ಶ್ರೀಧರ ಹಿಂದಕ್ಕೆ ಹಾರಿದ. ಹೆಬ್ಬಗೋಡಿಯ ಆ ಮನೆಯ ಮುಂದೆ ಶಾಮಿಯಾನದಡಿ ಚಿಕ್ಕಬೈರಪ್ಪನ ಹೆಣ. ತಮಟೆಯವರು ಆಗಲೇ ಬೆಂಕಿಗೆ ಚರ್ಮ ಕಾಯಿಸುತ್ತಿದ್ದರು. ಹಿತ್ತಲಲ್ಲಿ ಅವನ ತಮ್ಮನ ಮಗ ಶಿವು, ದೊಡ್ಡಪ್ಪ ಆಸೆಪಟ್ಟೂ ಎಬ್ಬಿಸಲಾಗದೆ ಹೋದ ಆಂಟೆನಾ ಕಂಬವನ್ನು ಎಬ್ಬಿಸಲು ನಿಂತಿದ್ದ. ಒಂದರೊಳಗೊಂದು ಕೂತ ಕೊಳವೆಗಳು. ಎಳೆದರೆ ಮೂರಂತಸ್ತಿನ ಮನೆಯನ್ನೂ ದಾಟುತ್ತವೆ.

ಹವ್ಯಾಸಕ್ಕೆಂದು ರೇಡಿಯೊದಲ್ಲೇ ಪರಸ್ಪರ ಮಾತಾಡಿಕೊಳ್ಳುವ ದೊಡ್ಡಪ್ಪನ ಹ್ಯಾಮ್ ರೇಡಿಯೊ ಗೆಳೆಯರು ಬೆಳಿಗ್ಗೆ ಫೋನ್ ಮಾಡಿದ್ದರು. ಹತ್ತು ಗಂಟೆಗೆ ದೊಡ್ಡಪ್ಪನನ್ನು ಹೆಸರು ಹಿಡಿದು ರೇಡಿಯೊದಲ್ಲಿ ಕೊನೆಯ ಸಲ ಕರೆಯುತ್ತಾರಂತೆ. ಉತ್ತರ ಬಾರದ ಆ ಕರೆಯೇ ಸತ್ತ ಗೆಳೆಯನಿಗೆ ಅವರು ಹೇಳುವ ವಿದಾಯ. ಸುತ್ತ ಎದ್ದ ಅಪಾರ್ಟ್‌ಮೆಂಟುಗಳ ನಡುವೆ ಕಂಬ ಏಳದೆ ಆ ದನಿ ಇಲ್ಲಿಗೆ ಇಳಿಯದು. ಹೆಣ ಎತ್ತುವ ಮೊದಲು ಅದು ಈ ಮನೆಯಲ್ಲಿ ಕೇಳಿಸಲೇಬೇಕು ಎಂಬುದು ಶಿವುವಿನ ಹಟ.

"ಸೂತಕದಾಗೆ ಕಂಬ ನೆಡಬಾರ್ದು ಕಣ್ಲಾ," ಅವನಪ್ಪ ದ್ಯಾಮಣ್ಣ ಗೋಡೆಗೊರಗಿ ಗೊಣಗಿದ. ಆಸ್ತಿ ಪಾಲಾದಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟಿದ್ದವನು, ಇವತ್ತು ಹೆಗಲು ಕೊಡಲು ಬಂದಿದ್ದ.

"ಯಾರು ನೆಡ್ತಾವ್ರೆ?" ಸತ್ತವನ ಹೆಂಡತಿ ಮರಿಯಮ್ಮ ಕಣ್ಣೊರೆಸಿಕೊಳ್ಳುತ್ತಲೇ ಹಿತ್ತಲ ಬಾಗಿಲಿಗೆ ಬಂದಳು. "ನೆಟ್ಟೋರು ನಿಮ್ಮಣ್ಣ, ಯುಗಾದೀಲೇ. ಇವ್ನು ಉದ್ದ ಮಾಡ್ತಾವ್ನೆ ಅಷ್ಟೆ. ಉದ್ದ ಮಾಡಕ್ಕೂ ಸೂತಕ ಐತಾ?"



*

ಆ ಕಂಬಕ್ಕಾಗಿ ದೊಡ್ಡಪ್ಪ ಪೀಣ್ಯದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದ. ಶಿವುಗೆ ಹೊಳೆಯುವುದೆಲ್ಲ ಚೆಂದ. "ಇದು ಸಕ್ಕತ್ತಾಗೈತೆ ದೊಡ್ಡಪ್ಪ" ಎಂದರೆ ಆತ ಕೊಳವೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕುತ್ತಿದ್ದ. "ಹೊಟ್ಟೆ ನೆಗ್ಗೈತೆ, ಕಾಣಾಕಿಲ್ವಾ? ಹೆಣ್ಣು ನೋಡಕ್ಕೆ ಬಂದೋನಂಗೆ ಆತ್ರ ಬೀಳ್ಬೇಡ."

ಕೊನೆಗೂ ಒಂದು ಸಿಕ್ಕಿತು. ಊರಿಗೆಲ್ಲ ಕಾಣಲಿ, ಮುಂದೆಯೇ ನಿಲ್ಲಿಸೋಣ ಎಂದ ಶಿವು. ದೊಡ್ಡಪ್ಪ ರಸ್ತೆಯ ಕರೆಂಟು ತಂತಿ ತೋರಿಸಿ ಬೈದ: "ಎಲ್ಲಿ ನಿಲ್ತದೆ ಅಂತ ಆಮೇಲೆ ನೋಡು. ಬಿದ್ರೆ ಎಲ್ಲಿ ಬೀಳ್ತದೆ ಅಂತ ಮೊದ್ಲು ನೋಡು."

ಹಾಗಾಗಿ ಹಿತ್ತಲು. ಬುಡಕ್ಕೆ ಕಾಂಕ್ರೀಟು, ಗೋಡೆಗೆ ಕಬ್ಬಿಣದ ಪಟ್ಟಿ, ಸಿಡಿಲು ನೆಲಕ್ಕಿಳಿದು ಹೋಗಲು ತಾಮ್ರದ ತಂತಿ. ಎಬ್ಬಿಸುವುದೊಂದೇ ಬಾಕಿ. ಅದಕ್ಕೆ ಕೊಳವೆ ಎತ್ತುವವನೊಬ್ಬ, ಮೂರು ದಿಕ್ಕಿಗೆ ಹಗ್ಗ ಹಿಡಿದು ನಿಲ್ಲಲು ಮೂವರು ಬೇಕು. ದೊಡ್ಡಪ್ಪ ಕಂಡಕಂಡವರನ್ನೆಲ್ಲ ಕರೆದ. ಮುದುಕನಿಗೆ ಮರುಳು ಎಂದು ನಕ್ಕರೇ ಹೊರತು ಒಬ್ಬರೂ ಬರಲಿಲ್ಲ.

*

ಈಗ ಒಂದು ಹಗ್ಗ ಶ್ರೀಧರನ ಕೈಲಿ, ಇನ್ನೊಂದು ಬಾಡಿಗೆಗಿದ್ದ ಚನಬಸಪ್ಪನ ಕೈಲಿ. ಮೂರನೆಯದು ನೆಲದ ಮೇಲೆ ಬಿದ್ದಿತ್ತು.

"ಹೆಗಲು ಕೊಡಕ್ಕೆ ಓಡೋಡಿ ಬಂದ್ರಲ್ಲಪ್ಪ!" ಶಿವು ಏಣಿಯ ಮೇಲೇ ಉರಿದುಬಿದ್ದ. "ಆವಯ್ಯ ಬದುಕಿದ್ದಾಗ ಹಗ್ಗ ಹಿಡೀರಿ ಅಂತ ಬೇಡ್ಕೊಂಡ. ಆಗ ಎಲ್ಲಿ ಹೋಗಿತ್ತು ಈ ಹೆಗಲು?"

ದ್ಯಾಮಣ್ಣ ಮಗನನ್ನು ದುರುಗುಟ್ಟಿ ನೋಡಿದ. ಪಂಚೆ ಎತ್ತಿ ಕಟ್ಟಿದ. ಹಗ್ಗವನ್ನು ಬಾಚಿಕೊಂಡ.

"ಬಾಯ್ಮುಚ್ಕಂಡು ಎತ್ಲಾ."

ಮುಂದುಗಡೆ ತಮಟೆ ಸಿಡಿಯಿತು. ಆ ಏಟಿಗೇ ಕೊಳವೆ ಮೇಲೆದ್ದಿತು. ಶಿವು ಕೀಲು ಬಿಗಿದ, ಇನ್ನೊಂದು, ಮತ್ತೊಂದು. ಗಾಳಿಗೆ ಕಂಬ ತೊನೆದಾಗ "ಅಪ್ಪಾ, ಬಿಗಿ!" ಎಂದ. "ಬಿಗ್ದಿವ್ನಿ ಕಣ್ಲಾ, ಏರ್ಸು!" ಅತ್ತು ಸೋತಿದ್ದ ಹೆಂಗಸರು ಎದ್ದು ಓಡಿಬಂದರು. ಕಂಬದ ತುದಿ ಎದುರು ಮನೆಯ ನೀರಿನ ಟ್ಯಾಂಕನ್ನು ದಾಟಿದಾಗ ಯಾರೋ ಸಾವಿನ ಮನೆಯೆಂಬುದನ್ನೂ ಮರೆತು ಸಿಳ್ಳೆ ಹಾಕಿದರು.

ಶಿವು ಏಣಿಯಿಂದ ಧುಮುಕಿ ಹಿತ್ತಲ ಜಗುಲಿಯಲ್ಲಿದ್ದ ದೊಡ್ಡಪ್ಪನ ರೇಡಿಯೊ ಹಾಕಿದ. "ಮೈಕ್ ಮುಟ್ಬೇಡ ದೊಡ್ಡಮ್ಮ, ಇದ್ರಾಗೆ ಮಾತಾಡಕ್ಕೆ ನಮಗೆ ಲೈಸೆನ್ಸಿಲ್ಲ. ಕೇಳೋದಷ್ಟೆ."

ಮೊದಲು ಬರೀ ಮೊರೆತ. ಆಮೇಲೆ, ಪಕ್ಕದಲ್ಲೇ ನಿಂತು ಕರೆದಷ್ಟು ಸ್ಪಷ್ಟವಾಗಿ: "ಚಿಕ್ಕಬೈರಪ್ಪನವರೇ, ಇದ್ದೀರಾ?"

ತಮಟೆ ನಿಂತಿತು.

"ಚಿಕ್ಕಬೈರಪ್ಪನವರೇ, ಇದ್ದೀರಾ?"

ಮರಿಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮೂರನೆಯ ಸಲ ಕರೆದಾಗ ದ್ಯಾಮಣ್ಣನಿಗೆ ತಡೆಯಲಾಗಲಿಲ್ಲ. ಶಾಮಿಯಾನದ ಕಡೆ ಕತ್ತು ಹೊರಳಿಸಿ ಕೂಗಿದ: "ಅಣ್ಣಾ! ಏ ಅಣ್ಣಾ! ನಿನ್ನೇ ಕಣಣ್ಣಾ ಕರೀತಿರೋದು!"

ಅಂಗೈಗೆ ಸುತ್ತಿಕೊಂಡ ಹಗ್ಗ ಎಳ್ಳಷ್ಟೂ ಸಡಿಲಲಿಲ್ಲ.